ಮನೆಯಂಗಳ: ಕುಂಡದ ಗಿಡಕ್ಕೆ ನೀರೆಷ್ಟು?

ಕಳೆದ ಕಾರ್ತಿಕ ಮಾಸದಲ್ಲಿ ಸೇಲಂ ನಗರದ ಅಮ್ಮಾಪೇಟೆಯಲ್ಲಿ ನೆಲೆಸಿರುವ ಪರಿಚಿತರೊಬ್ಬರ ಮನೆಗೆ ಹೋಗುವ ಸಂದರ್ಭ ನಮಗೊದಗಿತ್ತು. ಮಗ್ಗದ ಮನೆ, ಮನೆಮಾತು ಕನ್ನಡ. ಉತ್ಥಾನ ದ್ವಾದಶಿಗೆ ನಾಲ್ಕೇ ದಿನಗಳು ಉಳಿದಿದ್ದರೂ ಮನೆಯಲ್ಲಿ ಹಬ್ಬದ ಕಳೆ ಕಾಣಲಿಲ್ಲ. ಮಹಡಿಯ ಮೇಲಿನ ತುಳಸಿ ಬಾಡಿ ನಿಂತಿತ್ತು. ವರ್ಷದೊಳಗೆ ಅದು ಮೂರನೆಯ ಗಿಡವಂತೆ. “ಎಲ್ಲ ಸೊಸೆಯ ಕೈಗುಣ ಮೇಷ್ಟ್ರೇ, ಇನ್ನೇನು ಹೇಳಲಿ?” ಎಂದು ಅತ್ತೆಯವರು ಆಕೆಯ ಎದುರಿಗೇ ನುಡಿದರು. ಆ ಹುಡುಗಿ ತಲೆ ತಗ್ಗಿಸಿ ಒಳಗೆ ಹೋದಳು.

ನಾವು ಮಹಡಿಗೆ ಹೋಗಿ ಕುಂಡದ ಮಣ್ಣಿನಲ್ಲಿ ಬೆರಳಿಟ್ಟು ನೋಡಿದೆವು. ಮಣ್ಣಲ್ಲ, ಗದ್ದೆಯ ಕೆಸರು! ಹುಳಿ ವಾಸನೆ ಮೂಗಿಗೆ ಬಡಿಯಿತು. ವಿಚಾರಿಸಲಾಗಿ ಸಂಗತಿ ಹೊರಬಿತ್ತು. ಬೆಳಗ್ಗೆ ಅತ್ತೆಯವರು ಒಂದು ಚೆಂಬು, ಸ್ನಾನವಾದ ಮೇಲೆ ಸೊಸೆ ಒಂದು ಚೆಂಬು, ಸಂಜೆ ದೀಪವಿಡುವಾಗ ಮತ್ತೊಂದು ಚೆಂಬು. ಗಿಡ ಬಾಡಿದಂತೆ ಕಂಡ ಮೇಲೆ ಮಗನೂ ಕರುಣೆಯಿಂದ ನೀರೆರೆಯತೊಡಗಿದನು. ಇದರ ಮೇಲೆ ಹಿಂಗಾರು ಮಳೆ. ಸಿಮೆಂಟಿನ ಕುಂಡಕ್ಕೆ ಬಣ್ಣ ಬಳಿದವರು ತಳದ ತೂತನ್ನೂ ಮುಚ್ಚಿಬಿಟ್ಟಿದ್ದರು. ಗಿಡ ಸತ್ತುದು ಭಕ್ತಿಯ ಕೊರತೆಯಿಂದಲ್ಲ, ನೀರಿನ ಹೆಚ್ಚಳದಿಂದ.

ಬೇರು ನೀರನ್ನು ಕುಡಿಯುತ್ತದೆಂಬುದು ಎಲ್ಲರಿಗೂ ತಿಳಿದಿದೆ. ಉಸಿರಾಡುತ್ತದೆಂಬುದನ್ನು ನಾವು ಮರೆಯುತ್ತೇವೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿರಬೇಕು. ಅಲ್ಲಿ ನೀರು ನಿಂತರೆ ಆಮ್ಲಜನಕವು ಬೇರಿಗೆ ತಲಪುವುದು ದುಸ್ತರ. ಗಾಳಿಗಿಂತ ನೀರಿನಲ್ಲಿ ಅದರ ಸಂಚಾರ ಸುಮಾರು 10,000 ಪಟ್ಟು ನಿಧಾನ. ಉಸಿರು ಕಟ್ಟಿದ ಬೇರಿಗೆ ಪಿಥಿಯಂ, ಫೈಟೋಫ್ತೋರಾ ಎಂಬ ರೋಗಾಣುಗಳು ಮುತ್ತುತ್ತವೆ. ಇವುಗಳ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಬೇರು ಕೊಳೆತ ಮೇಲೆ ಸುತ್ತಲೂ ನೀರಿದ್ದರೂ ಹೀರುವ ಶಕ್ತಿಯಿರದು. ಆದ್ದರಿಂದಲೇ ಗಿಡ ಬಾಯಾರಿದಂತೆ ಬಾಡುತ್ತದೆ, ನಾವು ಮೋಸಹೋಗಿ ಮತ್ತಷ್ಟು ಸುರಿಯುತ್ತೇವೆ. ಎಲೆ ಬಾಡಿದ್ದು ಮಣ್ಣು ಒದ್ದೆಯಾಗಿದ್ದರೆ ಚೆಂಬನ್ನು ಕೆಳಗಿಡತಕ್ಕದ್ದು. ಬುಡದ ಎಲೆಗಳು ಹಳದಿಯಾಗುವುದು, ಮಣ್ಣಿನ ಮೇಲೆ ಗುಂಗುರುಗಳಂತಹ ಸಣ್ಣ ನೊಣಗಳು ಹಾರುವುದು, ಇವೂ ಮುನ್ಸೂಚನೆಗಳೇ.

ಅಂದು ನಾವು ಗಿಡವನ್ನು ಮಣ್ಣಿನ ಹೆಂಟೆಯೊಡನೆ ಮೆಲ್ಲನೆ ಹೊರತೆಗೆದೆವು. ಆರೋಗ್ಯವಾದ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದನ್ನು ಎಳೆದರೆ ಸಿಪ್ಪೆ ಜಾರಿ ನಡುವಿನ ನೂಲಿನಂತಹ ಎಳೆ ಮಾತ್ರ ಕೈಗೆ ಬರುತ್ತದೆ. ಮಗ್ಗದವರಾದುದರಿಂದ ಅವರಿಗೆ ಈ ಮಾತು ಬೇಗ ಮನದಟ್ಟಾಯಿತು. ಸ್ವಲ್ಪ ಬೇರಾದರೂ ಬೆಳ್ಳಗಿದ್ದರೆ, ಕೊಳೆತುದನ್ನು ಶುದ್ಧವಾದ ಕತ್ತರಿಯಿಂದ ತೆಗೆದು, ಎಲೆಗಳನ್ನೂ ಒಂದಿಷ್ಟು ಕಡಿಮೆ ಮಾಡಿ, ಹೊಸ ಮಣ್ಣಿನಲ್ಲಿ ನೆಟ್ಟು, ಬೆಳಕಿರುವ ನೆರಳಿನಲ್ಲಿ ಇಡಬೇಕು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಕೂಡದು. ರೋಗಿಗೆ ಹಬ್ಬದೂಟ ಬಡಿಸಿದಂತಾದೀತು. ಆದರೆ ಈ ತುಳಸಿಯ ಕಾಂಡದ ಬುಡವೇ ಕಪ್ಪಾಗಿ ಮೆತ್ತಗಾಗಿತ್ತು. ಹಾಗಾದಾಗ ಬದುಕಿಸುವ ಆಸೆ ಬಿಟ್ಟು, ಹಸಿರಾಗಿ ಉಳಿದ ತುದಿಗಳನ್ನು ಕತ್ತರಿಸಿ ಬೇರು ಬರಿಸುವುದೇ ಲೇಸು. ಮೂರು ಕುಡಿಗಳನ್ನು ಆರಿಸಿ ನೀರಿನ ಲೋಟದಲ್ಲಿಟ್ಟೆವು. ಮನಿ ಪ್ಲಾಂಟಿಗೂ ಇದೇ ಉಪಾಯ ಸಲ್ಲುತ್ತದೆ.

ಇನ್ನೊಂದು ಸಂಗತಿ ವಿಶೇಷವಾಗಿ ಧರ್ಮಪುರಿಯ ಕಡೆಯ ಬಂಧುಗಳಿಗೆ. ಅಲ್ಲಿನ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಅಧಿಕ. ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಜಾರಿಗೆ ಬಂದುದೂ ಇದರ ನಿವಾರಣೆಗಾಗಿಯೇ. ಡ್ರಾಸಿನಾ, ಸ್ಪೈಡರ್ ಪ್ಲಾಂಟ್ ಮುಂತಾದ ಅಲಂಕಾರದ ಗಿಡಗಳಿಗೆ ಫ್ಲೋರೈಡು ಆಗದು. ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ಅದನ್ನು ಬಾಯಾರಿಕೆಯೆಂದು ಭಾವಿಸಿ ಅದೇ ನೀರನ್ನು ದಿನಕ್ಕೆರಡು ಬಾರಿ ಎರೆದರೆ ಎರಡು ಕೇಡುಗಳು ಒಟ್ಟಿಗೆ ಬರುತ್ತವೆ. ಅಂತಹ ಗಿಡಗಳಿಗೆ ಮಳೆನೀರನ್ನು ಹಿಡಿದಿಟ್ಟು ಹಾಕುವುದು ಉತ್ತಮ.

ಮುನ್ನೆಚ್ಚರಿಕೆಯ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕುಂಡದ ತಳದಲ್ಲಿ ಜಲ್ಲಿ ಹರಡಿದರೆ ನೀರು ಬೇಗ ಬಸಿಯುತ್ತದೆಂದು ನಾವು ಬಹುಕಾಲ ಮಕ್ಕಳಿಗೆ ಹೇಳಿಕೊಟ್ಟೆವು. ಅದು ಸರಿಯಲ್ಲ. ಮೇಲಿನ ಮಣ್ಣು ತೋಯ್ದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ; ಜಲ್ಲಿಯಿಂದ ಮಣ್ಣಿನ ಆಳ ಕಡಿಮೆಯಾಗಿ, ಕೆಸರು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಮಣ್ಣಿಗೆ ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆತಿರಲಿ. ತೆಂಗಿನ ನಾರಿನ ಪುಡಿ ಮೇಲೆ ಒಣಗಿ ಕಂಡರೂ ಒಳಗೆ ಒದ್ದೆಯಾಗಿಯೇ ಇರುತ್ತದೆಂಬುದು ನೆನಪಿರಲಿ. ಬೆರಳನ್ನು ಎರಡು ಅಂಗುಲ ಇಳಿಸಿ, ತಂಪು ತಗುಲದಿದ್ದರೆ ಮಾತ್ರ ನೀರು ಹಾಕಬೇಕು. ಹಾಕಿದಾಗ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಬೇಕು. ಹೀಗೆ ನೋಡಿದರೆ ಚಿತ್ರದ ಬಿಸಿಲಿನಲ್ಲಿ ದಿನವೂ ಬೇಕಾದೀತು, ಕಾರ್ತಿಕದಲ್ಲಿ ವಾರಕ್ಕೊಮ್ಮೆಯೂ ಬೇಡವಾದೀತು. ಮಣ್ಣಿನ ಕುಂಡ ಸುತ್ತಲೂ ತೇವವನ್ನು ಬಿಡುತ್ತದೆ, ಪ್ಲಾಸ್ಟಿಕ್ಕು ಬಿಡದು.

ಆ ವರ್ಷದ ದ್ವಾದಶಿಗೆ ಲೋಟದ ಕುಡಿಗಳ ಪಕ್ಕದಲ್ಲಿಯೇ ನೆಲ್ಲಿಯ ಕೊಂಬೆಯನ್ನಿಟ್ಟು ಪೂಜೆ ನಡೆಸಿದರಂತೆ. ಮೂರರಲ್ಲಿ ಎರಡು ಬೇರು ಬಿಟ್ಟವು. ಸೊಸೆಯೇ ಅವನ್ನು ಹೊಸ ಮಣ್ಣಿನ ಕುಂಡದಲ್ಲಿ ನೆಟ್ಟಳು. ಈಗ ಅತ್ತೆಯವರು ಉದ್ಧರಣೆಯಿಂದ ಮೂರು ಸಲ ಮಾತ್ರ ತುಳಸಿಗೆ ನೀರು ಸಮರ್ಪಿಸಿ, ಚೆಂಬಿನಲ್ಲಿ ಉಳಿದುದನ್ನು ಕೆಳಗಿಳಿದು ಬಂದು ನುಗ್ಗೆಯ ಬುಡಕ್ಕೆ ಹೊಯ್ಯುತ್ತಾರೆ.