ಶಾಲೆಯ ಊಟದಲ್ಲಿ ಮೀನೇಕೆ ಬೇಡ?

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ಕರಾವಳಿಯ ಶಾಲೆಗಳ ಮಟ್ಟಿಗೆ ನಿಜವಾಗಿದೆ. ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 320 ಕಿಲೋಮೀಟರು ಉದ್ದದ ಕಡಲತೀರ ನಮ್ಮದು. ಎಷ್ಟೋ ಶಾಲೆಗಳ ಅಂಗಳದಲ್ಲಿ ನಿಂತರೆ ಅಲೆಗಳ ಸದ್ದು ಕೇಳಿಸುತ್ತದೆ, ಮೀನು ಹೊತ್ತು ಬರುವ ದೋಣಿಗಳು ಕಾಣಿಸುತ್ತವೆ. ಆದರೆ ಮಧ್ಯಾಹ್ನ ಅಲ್ಲಿಯ ಮಕ್ಕಳ ತಟ್ಟೆಗೆ ಆ ಕಡಲಿನಿಂದ ಏನೂ ಬಾರದು. ಕರಾವಳಿಯ ಮೂರು ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ, ಬೇಕೆನ್ನುವ ಮಕ್ಕಳಿಗೆ, ವಾರಕ್ಕೊಂದು ದಿನವಾದರೂ ಊರಿನ ಮೀನನ್ನು ಸರಕಾರವೇ ಕೊಂಡು ಬಡಿಸಬೇಕೆಂಬುದು ನನ್ನ ಅಭಿಪ್ರಾಯ.

ನಾನು ಮೀನು ಮಾರುವ ತಾಯಿಯ ಮಗ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಒಂದು ದಿನ ಬುತ್ತಿಯಲ್ಲಿ ಹುರಿದ ಬಂಗಡೆಯನ್ನು ಒಯ್ದಿದ್ದೆ. ಪಕ್ಕದ ಹುಡುಗ ಮೂಗು ಮುಚ್ಚಿಕೊಂಡ, ಉಳಿದವರು ನಕ್ಕರು. ಗುರುಗಳು, "ಇದನ್ನೆಲ್ಲ ಮನೆಯಲ್ಲೇ ತಿಂದು ಬಾ" ಎಂದರು. ಅವರು ಗದರಿಸಿ ಹೇಳಿದ್ದಲ್ಲ. ಆದರೂ ಅಂದಿನಿಂದ ನಾನು ಬುತ್ತಿ ಒಯ್ಯಲಿಲ್ಲ. ನನ್ನ ಶುಲ್ಕ ಕಟ್ಟಿದ್ದು ಯಾವ ಬುಟ್ಟಿಯೋ, ಆ ಬುಟ್ಟಿಯ ಬಗ್ಗೆಯೇ ನಾಚಿಕೆಪಡುವುದನ್ನು ನಾನು ಶಾಲೆಯಲ್ಲಿ ಕಲಿತೆ. ಇದು ನನ್ನೊಬ್ಬನ ಅನುಭವವಲ್ಲವೆಂದು ಇದನ್ನೋದುವ ಹಲವು ಮಿತ್ರರು ಬಲ್ಲರು.

ಮನಸ್ಸಿನ ಮಾತು ಹಾಗಿರಲಿ, ದೇಹದ ಲೆಕ್ಕವನ್ನು ನೋಡೋಣ. ಬಿಸಿಯೂಟದ ನಿಯಮದಂತೆ ಐದನೆಯ ತರಗತಿಯವರೆಗಿನ ಮಗುವಿಗೆ ಒಂದೂಟದಲ್ಲಿ 12 ಗ್ರಾಂ, ಆರರಿಂದ ಎಂಟನೆಯ ತರಗತಿಯವರಿಗೆ 20 ಗ್ರಾಂ ಪ್ರೋಟೀನು ದೊರೆಯಬೇಕು. ನೂರು ಗ್ರಾಂ ಬಂಗಡೆಯ ಮಾಂಸದಲ್ಲಿ ಹತ್ತಿರಹತ್ತಿರ 20 ಗ್ರಾಂ ಪ್ರೋಟೀನು ಇದೆ. ತಾರ್ಲೆಯನ್ನು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಅದರ ಮುಳ್ಳೂ ಮೆತ್ತಗಾಗಿ, ಎಲುಬಿಗೆ ಬೇಕಾದ ಸುಣ್ಣದ ಅಂಶವನ್ನು ಕೊಡುತ್ತದೆ. ಮಿದುಳಿಗೆ ಹಿತವಾದ ಕೊಬ್ಬು ಈ ಮೀನುಗಳಲ್ಲಿರುವಷ್ಟು ಬೇಳೆಯಲ್ಲಿಲ್ಲ.

ಸರಕಾರಕ್ಕೆ ಇದು ಹೊಸ ದಾರಿಯೂ ಅಲ್ಲ. 2013ರಲ್ಲಿ ಕ್ಷೀರಭಾಗ್ಯ ಬಂದಾಗ ಮಕ್ಕಳಿಗೆ ಹಾಲು ದೊರೆಯಿತು; ಹಳ್ಳಿಯ ಹಾಲು ಉತ್ಪಾದಕರಿಗೆ ನಂಬಿಕೆಯ ಗಿರಾಕಿ ದೊರೆಯಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಆರಂಭವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಕೊಟ್ಟರು. ಹಸುವಿನ ಒಡೆಯನಿಗೆ ದೊರೆತ ಆಸರೆ ದೋಣಿಯ ಒಡೆಯನಿಗೆ ಏಕೆ ದೊರೆಯಬಾರದು? ನಮ್ಮದೇ ದೇಶದ ಲಕ್ಷದ್ವೀಪದಲ್ಲಿ ಶಾಲೆಯ ಮಕ್ಕಳಿಗೆ ಮೀನು ಬಡಿಸುವುದುಂಟು. ಬ್ರೆಜಿಲ್ ದೇಶವು 2009ರ ಕಾನೂನಿನಿಂದ ಶಾಲೆಯ ಊಟದ ಕೇಂದ್ರ ಹಣದಲ್ಲಿ ಕನಿಷ್ಠ ಶೇಕಡಾ 30ನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳುವುದಕ್ಕೆ ಮೀಸಲಿಟ್ಟಿತು. ಸಣ್ಣ ಮೀನುಗಾರರೂ ಅದರಲ್ಲಿ ಸೇರುತ್ತಾರೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಬಂದರುಗಳಲ್ಲಿಳಿಯುವ ತಾರ್ಲೆಯ ಒಂದು ಪಾಲು ಕಾರ್ಖಾನೆಗೆ ಹೋಗಿ ಮೀನುಹಿಟ್ಟಾಗುತ್ತದೆ. ಆ ಹಿಟ್ಟು ಸಾಕಿದ ಸಿಗಡಿಗೂ ಕೋಳಿಗೂ ಮೇವು. ದಡದಲ್ಲಿರುವ ಮಗುವಿಗಿಂತ ದೂರದ ಕೆರೆಯ ಸಿಗಡಿಗೆ ನಮ್ಮ ಮೀನು ಹತ್ತಿರವಾಯಿತೇ?

ಆಕ್ಷೇಪಣೆಗಳಿಲ್ಲವೆಂದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ; ಆಗ ಮೊಟ್ಟೆಯೇ ಸಾಕು. ಕೆಲವು ವರ್ಷ ತಾರ್ಲೆ ಕಡಮೆ. ಆದುದರಿಂದ ಇಂಥದೇ ಮೀನು ಎನ್ನದೆ, ಆ ವಾರ ಅಗ್ಗವಾಗಿ ಸಿಕ್ಕಿದ್ದನ್ನು ಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಮುಳ್ಳಿನ ಭಯವುಂಟು. ಅವರಿಗೆ ಮುಳ್ಳು ತೆಗೆದೇ ಬಡಿಸಬೇಕು. ಆ ಕೆಲಸಕ್ಕೆ ಅಡುಗೆಯ ತಾಯಂದಿರಿಗೆ ಹೆಚ್ಚಿನ ಕೂಲಿ ಕೊಡಬೇಕು. ಅವರ ದುಡಿಮೆಯನ್ನು ಪುಕ್ಕಟೆ ಎಣಿಸಬಾರದು. ಎಲ್ಲಕ್ಕಿಂತ ದೊಡ್ಡ ಅಪಾಯ ಕೆಟ್ಟ ಮೀನಿನದು. ಬಿಸಿಲಿನಲ್ಲಿಟ್ಟ ಬಂಗಡೆಯಲ್ಲಿ ಹುಟ್ಟುವ ವಿಷ ಕುದಿಸಿದರೂ ಹೋಗದು. ಆದ್ದರಿಂದ ದೋಣಿಯಿಂದ ಒಲೆಯವರೆಗೆ ಮಂಜುಗಡ್ಡೆ ತಪ್ಪಬಾರದು. ಮಂಜುಗಡ್ಡೆಯಿಲ್ಲದೆ ಬಂದ ಮೀನನ್ನು ಮುಖ್ಯೋಪಾಧ್ಯಾಯರು ನಿರ್ದಾಕ್ಷಿಣ್ಯವಾಗಿ ಹಿಂದಿರುಗಿಸಬೇಕು. ಇದಕ್ಕೆ ಬೇಕಾದ ಪೆಟ್ಟಿಗೆ, ಮಂಜುಗಡ್ಡೆಗಳ ವೆಚ್ಚವನ್ನು ಸರಕಾರ ವಹಿಸಿ, ಮೀನನ್ನು ಆಯಾ ಊರಿನ ಮಹಿಳೆಯರ ಸಹಕಾರ ಸಂಘಗಳಿಂದ ಕೊಳ್ಳಲಿ.

ಮೀನು ತಿನ್ನದ ಮನೆಯ ಮಕ್ಕಳ ಮನಸ್ಸು ನೋಯದೇ ಎಂದು ಕೆಲವು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಅವರಿಗೆ ಬೇರೆ ಪಾತ್ರೆ, ಬೇರೆ ಸವುಟು, ಒಪ್ಪುವ ಆಹಾರ ಇರಲೇಬೇಕು. ಆದರೆ ಬೇಡವೆನ್ನುವ ಮಗುವಿನ ಮನಸ್ಸಿಗೆ ಇರುವ ಬೆಲೆಯೇ ಬೇಕೆನ್ನುವ ಮಗುವಿನ ಮನಸ್ಸಿಗೂ ಇರಬೇಕಲ್ಲವೇ? ಒಂದೇ ಪಂಕ್ತಿಯಲ್ಲಿ ಕುಳಿತು, ಪಕ್ಕದವನ ತಟ್ಟೆಯನ್ನು ನೋಡಿ ಮೂಗು ಮುಚ್ಚಿಕೊಳ್ಳದೆ ಉಣ್ಣುವುದೂ ಒಂದು ವಿದ್ಯೆಯೇ.

ಮೊದಲು ಪ್ರತಿ ಜಿಲ್ಲೆಯಲ್ಲಿ ಬಂದರಿನ ಬಳಿಯ ಕೆಲವೇ ಶಾಲೆಗಳಲ್ಲಿ ಒಂದು ವರ್ಷ ನಡೆಸಿ ನೋಡಲಿ. ತಪ್ಪು ಕಂಡರೆ ತಿದ್ದಲಿ. ನಮ್ಮಲ್ಲಿ ಅನೇಕರು ನಾಳೆ ಅಧ್ಯಾಪಕರಾಗುವವರು. ಅಂದು ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಬುತ್ತಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು, ಸುತ್ತ ನೋಡಿ, ಮತ್ತೆ ಮುಚ್ಚಿದರೆ, ಅವನಿಗೆ ಏನು ಹೇಳಬೇಕೆಂಬುದನ್ನು ಇಂದೇ ಯೋಚಿಸಿಟ್ಟುಕೊಳ್ಳೋಣ.