ಗಾಲಿಕುರ್ಚಿ ಹತ್ತುವ ಗಾಡಿ ಯಾರ ಹೊಣೆ?

ಅಮೆರಿಕದಲ್ಲಿ ಸರ್ಕಾರ ಯಾರಿಗೂ ಕಾರು ಕೊಡಿಸುವುದಿಲ್ಲ, ಪ್ರತಿಯೊಬ್ಬರೂ ಸ್ವಂತ ದುಡಿಮೆಯಿಂದಲೇ ವಾಹನ ಕೊಳ್ಳುತ್ತಾರೆ ಎಂಬ ನಂಬಿಕೆ ನಮ್ಮ ವಲಸಿಗ ಸಮುದಾಯದಲ್ಲಿ ಆಳವಾಗಿ ಬೇರೂರಿದೆ. ಗಾಲಿಕುರ್ಚಿ ಬಳಸುವ ಮಗುವಿಗೋ, ಪಾರ್ಶ್ವವಾಯು ಬಡಿದ ತಂದೆಗೋ ರ‍್ಯಾಂಪ್ ಇರುವ ವ್ಯಾನ್ ಬೇಕಾದಾಗ, ಅದಕ್ಕೆ ಸಾರ್ವಜನಿಕ ಹಣ ಕೇಳುವುದು ಅತಿಯಾಯಿತು ಎಂದು ನಾವೇ ಮೊದಲು ತೀರ್ಪು ಕೊಟ್ಟುಬಿಡುವುದು ಈ ನಂಬಿಕೆಯ ಬಲದಿಂದ. ಈ ನಂಬಿಕೆ ಸುಳ್ಳು. ಕಳೆದ ಎಂಬತ್ತು ವರ್ಷಗಳಲ್ಲಿ ಈ ದೇಶದ ಸರ್ಕಾರ ಕಾರಿಗಾಗಿ ಧಾರಾಳವಾಗಿ ಖರ್ಚು ಮಾಡಿದೆ. ಯಾರಿಗೆ ಕೊಟ್ಟಿತು, ಯಾರಿಗೆ ಕೊಡಲಿಲ್ಲ ಎಂಬುದನ್ನು ಕೇಳಬೇಕಾಗಿದೆ.

1946ರ ಆಗಸ್ಟ್‌ನಲ್ಲಿ ಅಮೆರಿಕದ ಕಾಂಗ್ರೆಸ್ಸು, ಎರಡನೆಯ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರಿಗೆ ಕಾರು ಕೊಳ್ಳಲು ತಲಾ 1,600 ಡಾಲರ್‌ವರೆಗೆ ಮಂಜೂರು ಮಾಡಿತು. ಆ ಯೋಜನೆ ಇಂದಿಗೂ ಇದೆ; ಸೇವೆಯಲ್ಲಿ ತೀವ್ರ ಅಂಗವೈಕಲ್ಯಕ್ಕೆ ಒಳಗಾದ ಮಾಜಿ ಸೈನಿಕರಿಗೆ ಈಗ ಸುಮಾರು 27 ಸಾವಿರ ಡಾಲರ್ ಸಿಗುತ್ತದೆ, ವಾಹನಕ್ಕೆ ಅಳವಡಿಸುವ ಉಪಕರಣಗಳ ವೆಚ್ಚ ಬೇರೆ. 1956ರ ಹೆದ್ದಾರಿ ಕಾಯ್ದೆಯಡಿ ಅಂತರರಾಜ್ಯ ಹೆದ್ದಾರಿಗಳ ವೆಚ್ಚದಲ್ಲಿ ಶೇ. 90 ಭಾಗವನ್ನು ಕೇಂದ್ರ ಸರ್ಕಾರವೇ ಹೊತ್ತಿತು. 2009ರಲ್ಲಿ, ಆರ್ಥಿಕ ಕುಸಿತದ ನಡುವೆ, ಹಳೆಯ ಕಾರನ್ನು ಗುಜರಿಗೆ ಕೊಟ್ಟು ಹೊಸದನ್ನು ಕೊಂಡವರಿಗೆ 3,500ರಿಂದ 4,500 ಡಾಲರ್ ಕೊಟ್ಟಿತು. 2022ರ ಕಾನೂನಿನ ಪ್ರಕಾರ ಹೊಸ ವಿದ್ಯುತ್ ಕಾರಿಗೆ 7,500 ಡಾಲರ್‌ವರೆಗೆ ತೆರಿಗೆ ವಿನಾಯಿತಿ ಇತ್ತು. ಅದು ಮುಗಿದದ್ದು 2025ರ ಸೆಪ್ಟೆಂಬರ್ 30ಕ್ಕೆ. ಆ ವರ್ಷದ ಜುಲೈ 4ರಂದು ಟ್ರಂಪ್ ಸಹಿ ಮಾಡಿದ ಕಾನೂನು, ಅಮೆರಿಕದಲ್ಲಿ ಜೋಡಣೆಯಾದ ಹೊಸ ಕಾರಿನ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 10 ಸಾವಿರ ಡಾಲರ್‌ವರೆಗೆ ಆದಾಯದಿಂದ ಕಳೆಯಲು ಅವಕಾಶ ಕೊಟ್ಟಿದೆ.

ಈ ಪಟ್ಟಿಯಲ್ಲಿ ಸೈನಿಕನಿದ್ದಾನೆ, ರಸ್ತೆಯ ಗುತ್ತಿಗೆದಾರನಿದ್ದಾನೆ, ಕಾರು ಕಂಪನಿಯಿದೆ, ಹೊಸ ಕಾರು ಕೊಳ್ಳುವ ಮಧ್ಯಮವರ್ಗವಿದೆ. ಹುಟ್ಟಿನಿಂದಲೋ ಕಾಯಿಲೆಯಿಂದಲೋ ನಡೆಯಲಾಗದ ಸಾಮಾನ್ಯ ಮನುಷ್ಯ ಮಾತ್ರ ಇಲ್ಲ. ನಮ್ಮಲ್ಲಿ ಅನೇಕರು ವಿದ್ಯುತ್ ಕಾರು ಕೊಂಡಾಗ ಆ 7,500 ಡಾಲರ್‌ಗಳನ್ನು ಸಂಕೋಚವಿಲ್ಲದೆ ಪಡೆದೆವು, ಪಡೆದದ್ದು ತಪ್ಪೇನಲ್ಲ. ಅದನ್ನು ಯಾರೂ ಭಿಕ್ಷೆ ಎನ್ನಲಿಲ್ಲ. ಒಂದೇ ಖಜಾನೆಯಿಂದ ಹೊರಡುವ ಹಣಕ್ಕೆ ಉಳ್ಳವರ ಅಂಗಳದಲ್ಲಿ ‘ಉತ್ತೇಜನ’ ಎಂಬ ಹೆಸರು, ಗಾಲಿಕುರ್ಚಿ ಇರುವ ಮನೆಯ ಅಂಗಳದಲ್ಲಿ ‘ಹೊರೆ’ ಎಂಬ ಹೆಸರು.

ಈ ತಾರತಮ್ಯದ ಬಿಸಿ ಹೇಗಿರುತ್ತದೆಂದು ತಿಳಿಯಲು ಗೈದರ್ಸ್‌ಬರ್ಗ್‌ನಂಥ ಊರನ್ನು ನೋಡಬೇಕು. ಮೇರಿಲ್ಯಾಂಡಿನ ಈ ಊರು ಐ-270 ಹೆದ್ದಾರಿಯನ್ನು ನೆಚ್ಚಿ ಬೆಳೆದದ್ದು. ವಾಷಿಂಗ್ಟನ್ ಮೆಟ್ರೊದ ಕೆಂಪು ಮಾರ್ಗ ಊರಿನ ಅಂಚಿನಲ್ಲಿರುವ ಶೇಡಿ ಗ್ರೋವ್‌ನಲ್ಲಿ ಮುಗಿದುಹೋಗುತ್ತದೆ. ಮಾರ್ಕ್ ರೈಲು ಕಚೇರಿಗೆ ಹೋಗಿಬರುವವರ ವೇಳೆಗೆ ಹೊಂದಿಕೊಂಡು ಓಡುವಂಥದು. ಕೌಂಟಿಯ ರೈಡ್ ಆನ್ ಬಸ್ಸುಗಳಿಗೆ ರ‍್ಯಾಂಪ್ ಇದೆ ನಿಜ. ಆದರೆ ಮನೆಯಿಂದ ಬಸ್‌ಸ್ಟಾಪಿನವರೆಗಿನ ದಾರಿಗೆ, ಹಿಮ ಬಿದ್ದ ಮರುದಿನ ನೇಗಿಲುಗಾಡಿ ತಳ್ಳಿಹೋದ ರಾಶಿಗೆ, ರ‍್ಯಾಂಪ್ ಇಲ್ಲ. ಅಂಗವೈಕಲ್ಯ ಉಳ್ಳವರಿಗೆಂದೇ ಮೆಟ್ರೊಆಕ್ಸೆಸ್ ಸೇವೆಯಿದೆ. ಅದನ್ನು ಹಿಂದಿನ ದಿನವೇ ಕಾಯ್ದಿರಿಸಬೇಕು. 1990ರ ಎಡಿಎ ಕಾಯ್ದೆಯ ನಿಯಮ ಇಂಥ ಸೇವೆಯನ್ನು ಕಡ್ಡಾಯ ಮಾಡಿರುವುದು ಬಸ್ ಮತ್ತು ರೈಲು ಮಾರ್ಗಗಳಿಂದ ಮುಕ್ಕಾಲು ಮೈಲಿಯ ಒಳಗೆ ಮಾತ್ರ. ಮಗುವಿನ ತಜ್ಞ ವೈದ್ಯರು ಬಾಲ್ಟಿಮೋರ್‌ನ ಕೆನಡಿ ಕ್ರೀಗರ್‌ನಲ್ಲಿರುತ್ತಾರೆ, ಶಿವ-ವಿಷ್ಣು ದೇವಾಲಯ ಲ್ಯಾನ್‌ಹ್ಯಾಮ್‌ನಲ್ಲಿದೆ, ಯುಗಾದಿಯೂ ರಾಜ್ಯೋತ್ಸವವೂ ಯಾವುದೋ ಶಾಲೆಯ ಸಭಾಂಗಣದಲ್ಲಿ ನಡೆಯುತ್ತವೆ. ಇಂಥ ಊರಿನಲ್ಲಿ ವಾಹನವಿಲ್ಲದವನು ಊರಿನಲ್ಲಿದ್ದೂ ಊರಿನವನಲ್ಲ.

ಮೋಟಾರು ಗಾಲಿಕುರ್ಚಿ ಮಡಚಿ ಡಿಕ್ಕಿಗೆ ಹಾಕುವ ವಸ್ತುವಲ್ಲ. ಕೂತವರ ತೂಕ ಸೇರದೆಯೇ ಅದು 150 ಕಿಲೋ ಆಸುಪಾಸು ತೂಗಬಲ್ಲದು. ಆದ್ದರಿಂದ ಟೊಯೊಟಾ ಸಿಯೆನಾ, ಕ್ರೈಸ್ಲರ್ ಪೆಸಿಫಿಕಾದಂಥ ಮಿನಿವ್ಯಾನಿನ ತಳವನ್ನು ಕತ್ತರಿಸಿ ಸುಮಾರು ಒಂದಡಿ ತಗ್ಗಿಸಿ, ರ‍್ಯಾಂಪ್ ಕೂರಿಸಿ, ಕುರ್ಚಿಯನ್ನು ನೆಲಕ್ಕೆ ಬಿಗಿಯುವ ಪಟ್ಟಿಗಳನ್ನು ಅಳವಡಿಸಬೇಕಾಗುತ್ತದೆ. ಈ ಪರಿವರ್ತನೆಯೊಂದಕ್ಕೇ 20ರಿಂದ 30 ಸಾವಿರ ಡಾಲರ್ ತಗಲುತ್ತದೆ. ಹೊಸ ವ್ಯಾನ್ ಸೇರಿದರೆ ಒಟ್ಟು ಬೆಲೆ 70 ಸಾವಿರ ದಾಟುವುದು ಸಾಮಾನ್ಯ. ಅಂದರೆ ನಡೆಯಬಲ್ಲ ಕುಟುಂಬ 35 ಸಾವಿರಕ್ಕೆ ಪಡೆಯುವ ಓಡಾಟಕ್ಕೆ ನಡೆಯಲಾಗದ ಕುಟುಂಬ ಇಮ್ಮಡಿ ಬೆಲೆ ತೆರುತ್ತದೆ.

ಇದಕ್ಕೆ ಸಿಗುವ ನೆರವೇನು? ಹಿರಿಯರಿಗೆ ಮೆಡಿಕೇರ್ ಗಾಲಿಕುರ್ಚಿಯ ಬೆಲೆಯ ಬಹುಪಾಲು ಕೊಡುತ್ತದೆ, ಆದರೆ ಅದು ಮನೆಯೊಳಗಿನ ಓಡಾಟಕ್ಕೆ ಅಗತ್ಯವೆಂದು ಸಾಬೀತಾದರೆ ಮಾತ್ರ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಅಗತ್ಯವನ್ನು ಕಾನೂನು ಒಪ್ಪುತ್ತದೆ. ಗ್ರಂಥಾಲಯಕ್ಕೆ, ಮತಗಟ್ಟೆಗೆ, ಗೆಳೆಯನ ಮನೆಗೆ ಹೋಗುವ ಅಗತ್ಯ ಅದರ ಲೆಕ್ಕದಲ್ಲಿಲ್ಲ. ವಾಹನಕ್ಕಂತೂ ಮೆಡಿಕೇರ್ ಬಿಡಿಗಾಸೂ ಕೊಡುವುದಿಲ್ಲ. ಮೆಡಿಕೇಡ್‌ನ ‘ವೇವರ್’ ಯೋಜನೆಗಳು ಅನೇಕ ರಾಜ್ಯಗಳಲ್ಲಿ ವಾಹನದ ಪರಿವರ್ತನೆಗೆ ಮಿತಿಯೊಳಗೆ ಹಣ ಕೊಡುತ್ತವೆ. ಮೇರಿಲ್ಯಾಂಡ್‌ನಲ್ಲೂ ಬೆಳವಣಿಗೆಯ ಅಂಗವೈಕಲ್ಯ ಉಳ್ಳವರಿಗೆ ಅಂಥ ವೇವರ್ ಇದೆ. ಆದರೆ ವಾಹನ ಖರೀದಿಯನ್ನು ಕೇಂದ್ರದ ಮಾರ್ಗಸೂಚಿ ಸ್ಪಷ್ಟವಾಗಿ ಹೊರಗಿಟ್ಟಿದೆ. ರ‍್ಯಾಂಪಿಗೆ ಹಣವುಂಟು, ರ‍್ಯಾಂಪ್ ಕೂರಿಸಬೇಕಾದ ವ್ಯಾನಿಗೆ ಇಲ್ಲ! ಈ ವೇವರ್‌ಗಳಿಗಾಗಿ ದೇಶದಾದ್ಯಂತ ಲಕ್ಷಾಂತರ ಜನ ಸರದಿಯಲ್ಲಿದ್ದಾರೆ.

ಉಳಿದವು ಚಿಲ್ಲರೆ ದಾರಿಗಳು, ಆದರೂ ಗೊತ್ತಿರಬೇಕಾದವು. ಉದ್ಯೋಗಕ್ಕೆ ಅಗತ್ಯವೆಂದು ತೋರಿಸಬಲ್ಲವರಿಗೆ ರಾಜ್ಯದ ಪುನರ್ವಸತಿ ಸೇವಾ ವಿಭಾಗ, ಡಾರ್ಸ್, ಪರಿವರ್ತನೆಯ ವೆಚ್ಚಕ್ಕೆ ನೆರವಾಗಬಹುದು. ರಾಜ್ಯದ ಅಂಗವೈಕಲ್ಯ ಇಲಾಖೆಯ ಸಹಾಯಕ ತಂತ್ರಜ್ಞಾನ ಕಾರ್ಯಕ್ರಮದಲ್ಲಿ ಕಡಿಮೆ ಬಡ್ಡಿಯ ಸಾಲವಿದೆ. ಹಲವು ಕಾರು ಕಂಪನಿಗಳು ಪರಿವರ್ತನೆಗೆ 1,000 ಡಾಲರ್‌ವರೆಗೆ ಮರುಪಾವತಿ ಮಾಡುತ್ತವೆ. ಗಾಲಿಕುರ್ಚಿಗೆಂದು ರೂಪಿಸಿದ ವಾಹನಕ್ಕೂ ಸಾಮಾನ್ಯ ವಾಹನಕ್ಕೂ ಇರುವ ಬೆಲೆಯ ಅಂತರವನ್ನು ವೈದ್ಯಕೀಯ ವೆಚ್ಚವೆಂದು ತೆರಿಗೆಯಲ್ಲಿ ತೋರಿಸಬಹುದು, ಆದಾಯದ ಶೇ. 7.5 ದಾಟಿದ ಭಾಗಕ್ಕೆ ಮಾತ್ರ. ಎಸ್‌ಎಸ್‌ಐ ಪಡೆಯುವವರ ಉಳಿತಾಯದ ಮಿತಿ 1989ರಿಂದ ಇಂದಿನವರೆಗೂ 2,000 ಡಾಲರ್. ವ್ಯಾನಿಗಾಗಿ ಕೂಡಿಡುವವರು ಈ ಬಲೆಯಿಂದ ತಪ್ಪಿಸಿಕೊಳ್ಳಲು 2014ರ ಕಾನೂನು ತಂದ ಏಬಲ್ ಖಾತೆ ಒಂದು ದಾರಿ. ಅಂಗವೈಕಲ್ಯ 26ರೊಳಗೆ ಬಂದಿರಬೇಕೆಂದಿದ್ದ ಅದರ ಷರತ್ತು 2026ರ ಜನವರಿಯಿಂದ 46ಕ್ಕೆ ಏರಿದೆ. ಇವೆಲ್ಲವನ್ನೂ ಕೂಡಿಸಿ ನೋಡಿ: ಸಾಲ, ರಿಯಾಯಿತಿ, ಸ್ವಂತ ಉಳಿತಾಯ. ಹಕ್ಕು ಎಂದು ಕರೆಯಬಹುದಾದದ್ದು ಒಂದೂ ಇಲ್ಲ.

ವಲಸಿಗರ ಪಾಲಿಗೆ ಈ ಬಾಗಿಲು ಇನ್ನೂ ಕಿರಿದು. ಎಚ್-1ಬಿ ವೀಸಾದಲ್ಲಿರುವ ವಯಸ್ಕರು ತೆರಿಗೆ ಕಟ್ಟುತ್ತಾರೆ, ಮೆಡಿಕೇಡ್‌ಗೆ ಅರ್ಹರಲ್ಲ. 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್ ಬಂದ ಮೇಲೂ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಊರಿನಿಂದ ಕರೆತಂದ ತಂದೆತಾಯಿಯರ ಕಥೆಯೂ ಇದೇ. ಮಕ್ಕಳ ವಿಷಯದಲ್ಲಿ 2009ರ ಕಾನೂನು ರಾಜ್ಯಗಳಿಗೆ ಸಡಿಲಿಕೆ ಕೊಟ್ಟಿದೆ, ಮೇರಿಲ್ಯಾಂಡ್ ಅದನ್ನು ಬಳಸಿಕೊಂಡಿದೆ. ಆದರೆ ಎಚ್-4 ವೀಸಾದ ಮಗುವಿಗೆ 21 ತುಂಬಿದ ದಿನ ಆ ಸಡಿಲಿಕೆಯೂ ಮುಗಿಯುತ್ತದೆ, ವೀಸಾವೂ ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಸರದಿ ದಶಕಗಳಷ್ಟು ಉದ್ದವಿರುವಾಗ ಗಾಲಿಕುರ್ಚಿಯ ಮಗುವಿನ ಕುಟುಂಬಕ್ಕೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಸರ್ಕಾರಿ ನೆರವು ಕೇಳಿದರೆ ‘ಪಬ್ಲಿಕ್ ಚಾರ್ಜ್’ ಎಂಬ ಹಣೆಪಟ್ಟಿ ಬಿದ್ದು ಅರ್ಜಿ ತಿರಸ್ಕೃತವಾದೀತೆಂಬ ಭಯ ಬೇರೆ. ಈ ಭಯದಿಂದ, ಅರ್ಹತೆ ಇರುವವರೂ ಅರ್ಜಿ ಹಾಕುವುದಿಲ್ಲ.

ಹಾಗಾದರೆ ನಮ್ಮ ಸಮುದಾಯ ಮಾಡುವುದೇನು? ಗೋಫಂಡ್‌ಮಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಗುವಿನ ಫೋಟೊ ಬರುತ್ತದೆ, ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು, ಎರಡು ದಿನ ಹಣ ಹರಿದು ನಿಲ್ಲುತ್ತದೆ. ಕೊಟ್ಟವರ ಔದಾರ್ಯವನ್ನು ನಾನು ಹಳಿಯುತ್ತಿಲ್ಲ. ಆದರೆ ಈ ವ್ಯವಸ್ಥೆಯಲ್ಲಿ ಯಾರಿಗೆ ವ್ಯಾನ್ ಸಿಗುತ್ತದೆ? ಬಳಗ ದೊಡ್ಡದಿರುವವರಿಗೆ, ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯಬಲ್ಲವರಿಗೆ, ಸಂಘದ ಪದಾಧಿಕಾರಿಗಳ ಪರಿಚಯವಿರುವವರಿಗೆ, ನೋಡಿದೊಡನೆ ಕರುಣೆ ಹುಟ್ಟಿಸುವ ಮುಖವಿರುವ ಮಗುವಿಗೆ. ಐವತ್ತರ ಹರೆಯದಲ್ಲಿ ಎಂಎಸ್ ಕಾಯಿಲೆಯಿಂದ ನಡಿಗೆ ಕಳೆದುಕೊಂಡ ಹೆಂಗಸಿಗೆ, ಜಾತಿಯ ಬಳಗ ಬಿಟ್ಟು ಬಂದವನಿಗೆ, ಯಾರ ಮುಂದೆಯೂ ತನ್ನ ದೇಹವನ್ನು ಪ್ರದರ್ಶನಕ್ಕಿಡಲು ಒಪ್ಪದವರಿಗೆ ಅದು ಸಿಗುವುದಿಲ್ಲ. ಬಸವಾದಿ ಶರಣರ ದಾಸೋಹವನ್ನು ನಾವು ವೇದಿಕೆಗಳಲ್ಲಿ ಕೊಂಡಾಡುತ್ತೇವೆ. ದಾಸೋಹದಲ್ಲಿ ಕೊಡುವವನು ದೊಡ್ಡವನಾಗುವುದಿಲ್ಲ, ಪಡೆಯುವವನು ಸಣ್ಣವನಾಗುವುದಿಲ್ಲ. ದಾನದಲ್ಲಿ ಎರಡೂ ಆಗುತ್ತವೆ. ಸ್ಥಾವರ-ಜಂಗಮಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು, ಜೀವಂತ ಮನುಷ್ಯರನ್ನು ಮನೆಯೊಳಗೆ ಸ್ಥಾವರವಾಗಿಸುವ ನಿಯಮಗಳ ಬಗ್ಗೆ ಮೌನವಾಗಿರುವುದು ಸೋಜಿಗ.

ಪ್ರಗತಿಪರರ ಕಡೆಯಿಂದಲೇ ಒಂದು ಆಕ್ಷೇಪ ಬರಬಹುದು: ಖಾಸಗಿ ಕಾರಿಗೆ ಸಾರ್ವಜನಿಕ ಹಣವೇಕೆ, ಬಸ್ಸು-ರೈಲುಗಳನ್ನು ಬಲಪಡಿಸೋಣ ಎಂದು. ಆ ಮಾತನ್ನು ಮೊದಲು ಹೇಳಿದವರು ಅಂಗವೈಕಲ್ಯ ಉಳ್ಳವರೇ. 1978ರ ಜುಲೈಯಲ್ಲಿ ಡೆನ್ವರ್‌ನಲ್ಲಿ ಗಾಲಿಕುರ್ಚಿಯ 19 ಮಂದಿ, ತಾವು ಹತ್ತಲಾಗದ ಬಸ್ಸುಗಳನ್ನು ನಡುರಸ್ತೆಯಲ್ಲಿ ತಡೆದು ಕೂತರು. ಆ ಚಳವಳಿಯಿಂದ ಮೂಡಿಬಂದ ಅಡಾಪ್ಟ್ ಸಂಘಟನೆಯ ಮೊದಲ ಬೇಡಿಕೆಯೇ ಎಲ್ಲರೂ ಹತ್ತಬಲ್ಲ ಸಾರ್ವಜನಿಕ ಸಾರಿಗೆಯಾಗಿತ್ತು. 1990ರ ಮಾರ್ಚ್ 12ರಂದು ವಾಷಿಂಗ್ಟನ್‌ನ ಕ್ಯಾಪಿಟಲ್ ಕಟ್ಟಡದ ಮೆಟ್ಟಿಲುಗಳನ್ನು ಗಾಲಿಕುರ್ಚಿ ಬಿಟ್ಟು ತೆವಳುತ್ತಲೇ ಏರಿದವರಲ್ಲಿ ಎಂಟು ವರ್ಷದ ಬಾಲಕಿಯೂ ಇದ್ದಳು. ಬಸ್ಸಿನ ಹಕ್ಕಿಗಾಗಿ ಇಷ್ಟು ತೆತ್ತವರಿಗೆ ನಾವು ಬಸ್ಸಿನ ಮಹತ್ವ ಬೋಧಿಸಬೇಕಿಲ್ಲ. ಊರುಗಳನ್ನು ಕಾರಿಗಾಗಿ ಕಟ್ಟಿದವರು ಅವರಲ್ಲ. ಹಾಗೆ ಕಟ್ಟಿದ ಊರುಗಳು ಬದಲಾಗುವವರೆಗೆ ಅವರೊಬ್ಬರೇ ಮನೆಯಲ್ಲಿ ಕಾಯಬೇಕೆನ್ನುವುದು ಪ್ರಗತಿಪರ ನಿಲುವಲ್ಲ.

ಅಟ್ಲಾಂಟಾದ ಇಬ್ಬರು ಮಹಿಳೆಯರು, ಲೋಯಿಸ್ ಕರ್ಟಿಸ್ ಮತ್ತು ಇಲೇನ್ ವಿಲ್ಸನ್, ಜಾರ್ಜಿಯಾ ರಾಜ್ಯದ ವಿರುದ್ಧ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಸಮುದಾಯದ ನಡುವೆ ಬದುಕಬಲ್ಲವರನ್ನು ಅನಗತ್ಯವಾಗಿ ಸಂಸ್ಥೆಗಳಲ್ಲಿ ಇರಿಸುವುದು ತಾರತಮ್ಯ ಎಂದಿತು. ಓಮ್‌ಸ್ಟೆಡ್ ತೀರ್ಪು ಎಂದು ಹೆಸರಾದ ಇದರ ತರ್ಕವನ್ನು ಒಂದು ಹೆಜ್ಜೆ ಮುಂದೊಯ್ಯಬೇಕು: ಸಂಸ್ಥೆಯಿಂದ ಬಿಡಿಸಿ ತಂದು, ಹೊರಗೆ ಹೋಗುವ ಸಾಧನವಿಲ್ಲದ ಮನೆಯಲ್ಲಿ ಕೂರಿಸಿದರೆ ಅದು ಸಮುದಾಯದ ಬದುಕೇ?

ಬೇರೆ ದಾರಿಗಳಿಲ್ಲ ಎನ್ನುವಂತಿಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಹುಟ್ಟಿದ ಮೊಟಬಿಲಿಟಿ ಯೋಜನೆಯಲ್ಲಿ, ಸರ್ಕಾರ ಕೊಡುವ ಸಂಚಾರ ಭತ್ಯೆಯನ್ನು ಒಪ್ಪಿಸಿ ವಾಹನವನ್ನು ಲೀಸ್‌ಗೆ ಪಡೆಯಬಹುದು. ಗಾಲಿಕುರ್ಚಿ ಹತ್ತುವ ವ್ಯಾನುಗಳೂ ಅದರಲ್ಲಿವೆ. ನಮ್ಮ ಕರ್ನಾಟಕ ಸರ್ಕಾರವೂ ದೈಹಿಕ ಅಂಗವೈಕಲ್ಯ ಉಳ್ಳವರಿಗೆ ಪಕ್ಕದ ಚಕ್ರಗಳಿರುವ ಯಂತ್ರಚಾಲಿತ ದ್ವಿಚಕ್ರ ವಾಹನಗಳನ್ನು ಉಚಿತವಾಗಿ ಕೊಡುತ್ತದೆ. ಬೇಕಾದವರೆಲ್ಲರಿಗೂ ಅದು ಸಿಗುವುದಿಲ್ಲ, ಸಿಕ್ಕಾಗಲೂ ಶಾಸಕರೊಡನೆ ನಿಂತು ಫೋಟೊ ತೆಗೆಸಿಕೊಳ್ಳಬೇಕಾದೀತು. ಆದರೂ ವಾಹನವೇ ಸಾರ್ವಜನಿಕ ಹೊಣೆ ಎಂಬ ತತ್ತ್ವವನ್ನು ಅಷ್ಟು ಬಡ ಖಜಾನೆ ಒಪ್ಪಿಕೊಂಡಿದೆ, ಇಷ್ಟು ಶ್ರೀಮಂತ ಖಜಾನೆ ಒಪ್ಪಿಲ್ಲ.

ಈಗ ಸುಮ್ಮನಿರುವ ಹೊತ್ತಲ್ಲ. ಕಾರಿನ ಬಡ್ಡಿಗೆ ವಿನಾಯಿತಿ ಕೊಟ್ಟ ಅದೇ 2025ರ ಕಾನೂನು, ಹತ್ತು ವರ್ಷಗಳಲ್ಲಿ ಮೆಡಿಕೇಡ್‌ನ ಕೇಂದ್ರ ವೆಚ್ಚವನ್ನು 900 ಬಿಲಿಯನ್ ಡಾಲರ್‌ಗೂ ಹೆಚ್ಚು ತಗ್ಗಿಸುತ್ತದೆಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿಯೇ ಅಂದಾಜಿಸಿದೆ. ಮನೆ ಮತ್ತು ಸಮುದಾಯದಲ್ಲಿ ನೀಡುವ ವೇವರ್ ಸೇವೆಗಳನ್ನು ನೀಡಲೇಬೇಕೆಂಬ ಕಟ್ಟಳೆ ರಾಜ್ಯಗಳಿಗಿಲ್ಲ. ಆದ್ದರಿಂದ ಕೈಬಿಗಿಯಾದಾಗ ಕತ್ತರಿ ಮೊದಲು ಬೀಳುವುದು ಅವುಗಳ ಮೇಲೆ.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ವೇವರ್‌ಗಳಲ್ಲಿ ವಾಹನ ಖರೀದಿಯ ಮೇಲಿನ ನಿಷೇಧ ಹೋಗಬೇಕು. ಮೆಡಿಕೇರ್‌ನ ‘ಮನೆಯೊಳಗೆ ಮಾತ್ರ’ ನಿಯಮ ಹೋಗಬೇಕು. ಮೇರಿಲ್ಯಾಂಡ್ ತನ್ನ ಹಣದಿಂದ ಗಾಲಿಕುರ್ಚಿ ವಾಹನ ನಿಧಿಯೊಂದನ್ನು ತೆರೆಯಬೇಕು. ಅದಕ್ಕೆ ವೀಸಾ ಯಾವುದೆಂದು ಕೇಳದೆ ನಿವಾಸವನ್ನಷ್ಟೇ ನೋಡಬೇಕು. ನಮ್ಮ ಸಂಘಗಳು ಒಂದು ಸಮ್ಮೇಳನದ ತಾರಾ ಅತಿಥಿಗಳ ವೆಚ್ಚವನ್ನು ಉಳಿಸಿದರೂ, ಸಾಲಕ್ಕೆ ಜಾಮೀನು ನಿಲ್ಲುವ ನಿಧಿಯನ್ನು, ಹಂಚಿಕೊಂಡು ಬಳಸುವ ಒಂದು ವ್ಯಾನನ್ನು ಸ್ಥಾಪಿಸಬಹುದು. ಆದರೆ ಅದು ಹೋರಾಟದ ಜೊತೆಗಿರಬೇಕು, ಅದರ ಬದಲಿಗಲ್ಲ.

ಮೇರಿಲ್ಯಾಂಡ್ ಶಾಸನಸಭೆ ಪ್ರತಿ ಜನವರಿಯಲ್ಲಿ ಅನಾಪೊಲಿಸ್‌ನಲ್ಲಿ ಸೇರಿ 90 ದಿನ ನಡೆಯುತ್ತದೆ. ಮಸೂದೆಗಳ ವಿಚಾರಣೆಯಲ್ಲಿ ಸಾರ್ವಜನಿಕರು ಲಿಖಿತವಾಗಿಯೋ ಮೌಖಿಕವಾಗಿಯೋ ಅಭಿಪ್ರಾಯ ಹೇಳಬಹುದು. ಮತ ಹಾಕಲು ಪೌರತ್ವ ಬೇಕು, ಅಲ್ಲಿ ಮಾತನಾಡಲು ಬೇಡ. ಅಧಿವೇಶನಕ್ಕೆ ಮೊದಲೇ ನಮ್ಮ ಜಿಲ್ಲೆಯ ಪ್ರತಿನಿಧಿಗಳನ್ನು ಕಂಡು ಈ ನಿಧಿಗೊಂದು ಮಸೂದೆ ಮಂಡಿಸುವಂತೆ ಒತ್ತಾಯಿಸುವುದು, ವಿಚಾರಣೆಯ ದಿನ ಗಾಲಿಕುರ್ಚಿಯಲ್ಲಿರುವವರೇ ಮೊದಲು ಮಾತನಾಡುವಂತೆ ಅವರನ್ನು ಅಲ್ಲಿಗೆ ಕರೆದೊಯ್ಯುವ ವ್ಯವಸ್ಥೆ ಮಾಡುವುದು, ಇವೆರಡು ಕೆಲಸಗಳನ್ನು ಈ ವರ್ಷವೇ ಶುರುಮಾಡಬಹುದು.