ಹುಸಿಚೇಳು ಮತ್ತು ಆವರಣ ಚಿಹ್ನೆ

ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ ನೆಲೆಸಿರುವ ನಮ್ಮವರ ಮನೆಗಳಲ್ಲಿ ಊರಿನಿಂದ ತಂದ ಹಳೆಯ ಪುಸ್ತಕಗಳ ಗಂಟೊಂದು ಇದ್ದೇ ಇರುವುದು. ಅದನ್ನು ಬಿಚ್ಚಿದಾಗ ಎಳ್ಳುಕಾಳಿನಷ್ಟು ಗಾತ್ರದ ಕಂದು ಜೀವಿಯೊಂದು ಇಕ್ಕುಳದಂಥ ಕೈಗಳನ್ನು ಚಾಚಿ ಬಂದರೆ, ಚೇಳಿನ ಮರಿಯೆಂದು ಚಪ್ಪಲಿ ಎತ್ತಬೇಡಿರಿ. ಅದು ಹುಸಿಚೇಳು. ಅದಕ್ಕೆ ಬಾಲವಿಲ್ಲ, ಕೊಂಡಿಯಿಲ್ಲ. ಇಕ್ಕುಳದ ಬೆರಳುಗಳಲ್ಲಿ ವಿಷವಿದ್ದರೂ ಮನುಷ್ಯರಿಗೆ ಅಪಾಯವಿಲ್ಲ. ಕಾಗದದ ಬೂಷ್ಟಿನಲ್ಲಿ ಬದುಕುವ ಪುಸ್ತಕದ ಹೇನು, ನುಸಿಗಳೇ ಅದರ ಆಹಾರ. ಮುಟ್ಟಿದರೆ ಸರ್ರನೆ ಹಿಂದಕ್ಕೆ ಓಡುವುದು. ದೂರ ಹೋಗಬೇಕಾದರೆ ಈ ಬಳಗದ ಎಷ್ಟೋ ಜೀವಿಗಳು ನೊಣದ ಕಾಲನ್ನು ಹಿಡಿದು ಪ್ರಯಾಣ ಮಾಡುವುವು!

ಇವುಗಳಲ್ಲಿ ಪುಸ್ತಕಗಳ ನಡುವೆ ಕಾಣುವುದಕ್ಕೆ ಪ್ರಸಿದ್ಧವಾದುದಕ್ಕೆ ಸ್ವೀಡನ್ನಿನ ಲಿನೀಯಸ್ ಪಂಡಿತನು ೧೭೫೮ರಲ್ಲಿ ಹೆಸರಿಟ್ಟನು. ಆದರೆ ಅದನ್ನು ನುಸಿಗಳ ಕುಲಕ್ಕೆ ಸೇರಿಸಿ, ‘ಅಕಾರಸ್ ಕ್ಯಾಂಕ್ರಾಯ್ಡಿಸ್’, ಅಂದರೆ ಏಡಿಯಂಥ ನುಸಿ, ಎಂದನು. ೧೭೬೨ರಲ್ಲಿ ಫ್ರಾನ್ಸಿನ ಜೆಫ್ರುವಾ ಎಂಬಾತನು ‘ಕೆಲಿಫರ್’ ಎಂಬ ಬೇರೆ ಕುಲವನ್ನೇ ಕಟ್ಟಿದನು. ಇಕ್ಕುಳ ಹೊತ್ತದ್ದು ಎಂದು ಅದರ ಅರ್ಥ. ಇಂದು ಲೋಕದಲ್ಲಿ ೪,೦೦೦ಕ್ಕೂ ಹೆಚ್ಚು ಬಗೆಯ ಹುಸಿಚೇಳುಗಳು ತಿಳಿದಿವೆ. ಇಕ್ಕುಳದ ಮೇಲೆ ಸಾಮಾನ್ಯವಾಗಿ ೧೨ ಉದ್ದನೆಯ ಸ್ಪರ್ಶದ ಕೂದಲುಗಳಿರುವುವು. ಅವು ಎಲ್ಲೆಲ್ಲಿ ಮೂಡಿವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕುಲಗಳನ್ನು ವಿಂಗಡಿಸುವರು. ನಮ್ಮ ದೇಶದ ಹುಸಿಚೇಳುಗಳ ಮೇಲೆ ಮೂರ್ತಿ ಮತ್ತು ಅನಂತಕೃಷ್ಣನ್ ಅವರು ೧೯೭೭ರಲ್ಲಿ ಗ್ರಂಥವನ್ನೇ ಬರೆದರು.

ನಮ್ಮ ಮನಸ್ಸನ್ನು ಸೆಳೆದದ್ದು ಒಂದು ಚಿಕ್ಕ ಚಿಹ್ನೆ. ಇಂದು ಶಾಸ್ತ್ರಗ್ರಂಥಗಳಲ್ಲಿ ‘ಕೆಲಿಫರ್ ಕ್ಯಾಂಕ್ರಾಯ್ಡಿಸ್ (ಲಿನೀಯಸ್, ೧೭೫೮)’ ಎಂದು ಬರೆಯುವರು. ಆ ಆವರಣ ಅಲಂಕಾರಕ್ಕಲ್ಲ. ಮೊದಲು ಹೆಸರಿಟ್ಟವನು ಬೇರೆ ಕುಲದಲ್ಲಿ ಇರಿಸಿದ್ದನು, ಆಮೇಲೆ ವರ್ಗವಾಯಿತು ಎಂದು ಅದರ ತಾತ್ಪರ್ಯ. ಕುಲ ಬದಲಾದರೂ ಮೊದಲಿಗನ ಹೆಸರೂ ವರ್ಷವೂ ಅಳಿಯಲಿಲ್ಲ. ಕಚೇರಿಯ ಕಡತಗಳಲ್ಲಿ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳುವ ನಮಗೆ ಇದು ಬಹಳ ಹಿಡಿಸಿತು.

ಇಲ್ಲಿನ ಶಾಲೆಗಳ ಅರ್ಜಿಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮನೆಗಳಿರುವುವು. ಊರಿನ ಮೊದಲಕ್ಷರವನ್ನು ಹೊತ್ತು ಬಂದ ನಮ್ಮವರ ಹೆಸರುಗಳು ಅವುಗಳೊಳಗೆ ಹೊಕ್ಕು ಬೇರೆ ರೂಪ ತಾಳುವುವು. ಇದರಲ್ಲಿ ದೋಷವೇನೂ ಇಲ್ಲ. ಇದ್ದ ನಾಡಿನ ಪದ್ಧತಿಗೆ ಹೊಂದಿಕೊಳ್ಳಲೇ ಬೇಕು. ಆದರೆ ಆ ಅಕ್ಷರ ಯಾವ ಊರಿನದು, ಅಲ್ಲಿಂದ ಹೊರಟವರು ಯಾರು, ಯಾವ ವರ್ಷ ಎಂಬುದನ್ನು ಹಿರಿಯರಿರುವಾಗಲೇ ಕೇಳಿ, ಮನೆಯ ಒಂದು ಪುಸ್ತಕದಲ್ಲಿ ಆವರಣದೊಳಗಾದರೂ ಬರೆದಿಡೋಣ. ಆ ಪುಸ್ತಕವನ್ನು ಹುಸಿಚೇಳು ಕಾಯಲಿ.